ಏಪ್ರಿಲ್ ಬಿಸಿಲಲ್ಲಿ ಪದ್ಮಿನಿ: ಶಿರಾಡಿ ಇಳಿದು ಆಗುಂಬೆ ಹತ್ತಿದ್ದು

"ಹಳೇ ಕಾರು ಬಿಸಿ ಆಗೇ ಆಗುತ್ತೆ, ಅದಕ್ಕೇನೂ ಮಾಡೋಕಾಗಲ್ಲ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಪ್ರೀಮಿಯರ್ ಪದ್ಮಿನಿಯ ಇದೇ 1089 ಸಿಸಿ ಎಂಜಿನ್ ಮುಂಬೈಯಲ್ಲಿ ದಶಕಗಟ್ಟಲೆ ಟ್ಯಾಕ್ಸಿಯಾಗಿ ಓಡಿತು. ಮೇ ತಿಂಗಳ ಸೆಕೆ, ತೆವಳುವ ಟ್ರಾಫಿಕ್ಕು, ಕಾರಿನ ತುಂಬ ಜನ, ಮೇಲೆ ಲಗೇಜು. 2023ರ ಅಕ್ಟೋಬರ್‌ನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಗಳು ರಸ್ತೆಯಿಂದ ಹೋದದ್ದು ವಯಸ್ಸಿನ ಮಿತಿಯ ನಿಯಮದಿಂದ, ಎಂಜಿನ್ ಕುದಿಯಿತು ಅಂತ ಅಲ್ಲ. ಕಂಪನಿಯವರು ಕೊಟ್ಟಿದ್ದ ಕೂಲಿಂಗ್ ಸರಿಯಾಗಿಯೇ ಇತ್ತು. ಅದನ್ನು ಇದ್ದ ಹಾಗೆ ಇಟ್ಟುಕೊಂಡರೆ ನಮ್ಮ ಘಾಟಿಗಳನ್ನೂ ಅದು ಹತ್ತುತ್ತದೆ. ಹಾಗಾಗಿ ಈ ಸಲ ಬೇಕಂತಲೇ ಏಪ್ರಿಲ್ ಆರಿಸಿಕೊಂಡೆವು. ಬೆಂಗಳೂರಿಂದ ಸಕಲೇಶಪುರ, ಶಿರಾಡಿ ಇಳಿದು ಮಂಗಳೂರು, ಉಡುಪಿ, ಆಗುಂಬೆ ಹತ್ತಿ ಶಿವಮೊಗ್ಗ, ಅಲ್ಲಿಂದ ವಾಪಸ್. ಕಾರು ಅಪ್ಪನದು, 1984ರ ಮಾಡೆಲ್. ಜೊತೆಗೆ ಬಂದದ್ದು ಅಕ್ಕನ ಗಂಡ. ಭಾವನಿಗೆ ಒಂದೇ ಕೆಲಸ: ಡ್ಯಾಶ್‌ಬೋರ್ಡ್ ಕೆಳಗೆ ಬೇರೆಯಾಗಿ ಕೂರಿಸಿದ ಟೆಂಪರೇಚರ್ ಮೀಟರ್ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುವುದು.

ಹೊರಡುವ ಮುಂಚೆ

ಕಾರು ಘಾಟಿಯಲ್ಲಿ ಕುದಿಯದಂತೆ ಮಾಡುವ ಕೆಲಸ ಮುಕ್ಕಾಲು ಪಾಲು ಮನೆಯಲ್ಲೇ ಮುಗಿದಿರಬೇಕು. ಆದ್ದರಿಂದ ಮೊದಲು ಅದನ್ನೇ ಬರೆಯುತ್ತೇನೆ.

ಎಂಜಿನ್‌ನಿಂದ ಬರುವ ಬಿಸಿ ನೀರನ್ನು ಗಾಳಿಗೆ ತಣಿಸುವ ರೇಡಿಯೇಟರ್ ಇಳಿಸಿ, ರಿಪೇರಿಯವರ ಹತ್ತಿರ ಮೇಲಿನ ಟ್ಯಾಂಕಿನ ಬೆಸುಗೆ ಬಿಡಿಸಿದೆವು. ಕೊಳವೆಗಳ ಒಳಗೆ ತೆಳ್ಳನೆ ಪಟ್ಟಿ ತೂರಿಸಿ ಎಳೆದಾಗ ಇಟ್ಟಿಗೆ ಬಣ್ಣದ ಕೆಸರು ಬಂತು, ಜೊತೆಗೆ ಬಿಳಿ ಸುಣ್ಣದ ಚಕ್ಕೆಗಳು. ಕೆಲವು ಕೊಳವೆಗಳು ಪೂರ್ತಿ ಮುಚ್ಚಿಹೋಗಿದ್ದವು. ಬೋರ್‌ವೆಲ್ ನೀರು ಹಾಕುತ್ತಾ ಬಂದರೆ ಆಗುವುದೇ ಇದು. ಬಿಸಿಯಾದಾಗೆಲ್ಲ ನೀರಿನ ಸುಣ್ಣ ಒಳಗಡೆ ಅಂಟಿಕೊಳ್ಳುತ್ತದೆ, ತುಕ್ಕು ಬಂದು ಅದರ ಮೇಲೆ ಕೂರುತ್ತದೆ. ಬಾಟಲಿಯಲ್ಲಿ ಸಿಗುವ ಫ್ಲಶ್ (ಒಳಗೆ ತೊಳೆಯುವ ದ್ರಾವಣ) ಹಾಕಿ ಓಡಿಸಿದರೆ ಸಾಕು ಅಂತ ಎಷ್ಟೋ ಜನ ಹೇಳುತ್ತಾರೆ. ಆದರೆ ಪೂರ್ತಿ ಮುಚ್ಚಿದ ಕೊಳವೆಯೊಳಗೆ ನೀರೇ ಹರಿಯುವುದಿಲ್ಲ, ಮತ್ತೆ ಆ ಫ್ಲಶ್ ಅಲ್ಲಿಗೆ ಹೇಗೆ ಹೋಗುತ್ತೆ ಹೇಳಿ? ಸ್ವಲ್ಪ ಕಟ್ಟಿದ್ದರೆ ಅದು ಕೆಲಸ ಮಾಡುತ್ತದೆ. ಪೂರ್ತಿ ಕಟ್ಟಿದ್ದರೆ ಬಿಚ್ಚಲೇಬೇಕು.

ಎಂಜಿನ್ ಬ್ಲಾಕ್‌ನಲ್ಲೂ ನೀರು ಬಿಡುವ ಒಂದು ನಲ್ಲಿ ಇರುತ್ತದೆ, ಅದನ್ನು ಯಾರೂ ಮುಟ್ಟುವುದೇ ಇಲ್ಲ. ತಿರುಗಿಸಿದರೆ ಒಂದು ಹನಿಯೂ ಬರಲಿಲ್ಲ. ತಂತಿ ಹಾಕಿ ಕೆದಕಿದ ಮೇಲೆ ಮೊದಲು ಗಟ್ಟಿ ಕೆಸರು, ಆಮೇಲೆ ಕಾಫಿ ಬಣ್ಣದ ನೀರು. ನೀರು ತಿರುಗಿಸುವ ಪಂಪಿನಿಂದ ದೂರ ಇರುವ ಹಿಂದಿನ ಸಿಲಿಂಡರ್ ಸುತ್ತ ಈ ಕೆಸರು ಜಾಸ್ತಿ ಕೂರುತ್ತದೆ. ಮೀಟರ್ ಸರಿಯಾಗೇ ತೋರಿಸುತ್ತಿದ್ದರೂ ಆ ಒಂದು ಮೂಲೆ ಬೇಯುತ್ತಿರುತ್ತದೆ. ಸ್ವಚ್ಛ ನೀರು ಬರುವ ತನಕ ಪೈಪ್ ಹಿಡಿದು ತೊಳೆದೆವು.

ಆಮೇಲೆ ಥರ್ಮೋಸ್ಟಾಟ್, ಅಂದರೆ ಎಂಜಿನ್ ಸರಿಯಾಗಿ ಬಿಸಿಯಾಗುವ ತನಕ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ಸಣ್ಣ ಬಾಗಿಲು. ಹಿಂದೆ ಯಾವಾಗಲೋ ಅದನ್ನು ತೆಗೆದೇ ಬಿಟ್ಟಿದ್ದರು. ಹೊಸದು ತಂದು, ಹಾಕುವ ಮುಂಚೆ ಅಡುಗೆಮನೆಯಲ್ಲಿ ಪರೀಕ್ಷೆ ಮಾಡಿದೆ. ಪಾತ್ರೆಯಲ್ಲಿ ನೀರು, ಅದರಲ್ಲಿ ದಾರ ಕಟ್ಟಿ ಇಳಿಬಿಟ್ಟ ಥರ್ಮೋಸ್ಟಾಟ್, ಪಕ್ಕದಲ್ಲಿ ಥರ್ಮಾಮೀಟರ್. 82 ಡಿಗ್ರಿ ಹತ್ತಿರ ಬಂದಾಗ ನಡುವಿನ ಬಿಲ್ಲೆ ಕೂದಲೆಳೆಯಷ್ಟು ಎದ್ದಿತು. ನೀರು ಇನ್ನಷ್ಟು ಕಾಯುತ್ತಿದ್ದ ಹಾಗೆ ನಿಧಾನಕ್ಕೆ ಪೂರ್ತಿ ತೆರೆದುಕೊಂಡಿತು. ಒಲೆ ಆರಿಸಿದ ಮೇಲೆ ಹಾಗೇ ಮುಚ್ಚಿತು. ಒಳಗಿರುವ ಮೇಣ ಕರಗಿ ಹಿಗ್ಗುವುದರಿಂದ ಇದು ನಡೆಯುತ್ತದೆ. ಬೇರೆ ಯಾವ ಕರಾಮತ್ತೂ ಇಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. ರೇಡಿಯೇಟರನ್ನು ಎಂಜಿನ್‌ಗೆ ಸೇರಿಸುವ ಮೇಲಿನ, ಕೆಳಗಿನ ಹೋಸ್ (ರಬ್ಬರ್ ಪೈಪು) ಎರಡೂ ಹೊಸವು. ಕೆಳಗಿನ ಹೋಸ್ ಒಳಗೆ ಸ್ಪ್ರಿಂಗ್ ಇದೆಯಾ ಅಂತ ಮುಟ್ಟಿ ನೋಡಿದೆ. ಅದಿಲ್ಲದಿದ್ದರೆ ಎಂಜಿನ್ ಜೋರಾಗಿ ತಿರುಗುವಾಗ ಪಂಪು ಎಳೆಯುವ ರಭಸಕ್ಕೆ ಹೋಸ್ ಚಪ್ಪಟೆಯಾಗಿ ನೀರಿನ ದಾರಿಯೇ ಮುಚ್ಚುತ್ತದೆ. ರೇಡಿಯೇಟರ್ ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿತ್ತು, ಅದನ್ನೂ ಬದಲಾಯಿಸಿದೆ. ಮುಚ್ಚಳ ಅಂದರೆ ಬರೀ ಮುಚ್ಚಳ ಅಲ್ಲ. 7 ಪಿಎಸ್‌ಐ ಒತ್ತಡ ತಡೆಯುವ ಮುಚ್ಚಳದ ಕೆಳಗೆ ನೀರು 110 ಡಿಗ್ರಿ ತಲುಪುವ ತನಕ ಕುದಿಯುವುದಿಲ್ಲ. ರಬ್ಬರ್ ಹೋಗಿದ್ದರೆ 100ಕ್ಕೇ ಕುದಿಯುತ್ತದೆ. ಇಗ್ನಿಷನ್ ಟೈಮಿಂಗ್, ಅಂದರೆ ಪೆಟ್ರೋಲಿಗೆ ಕಿಡಿ ಹೊಡೆಯುವ ಹೊತ್ತು, ಸ್ವಲ್ಪ ಹಿಂದೆ ಬಿದ್ದಿತ್ತು, ಸರಿ ಮಾಡಿಸಿದೆ. ಕಿಡಿ ತಡವಾಗಿ ಹೊಡೆದರೆ ಶಕ್ತಿಯಾಗಬೇಕಾದ ಬಿಸಿ ಎಂಜಿನ್ ಗೋಡೆಗೂ ಸೈಲೆನ್ಸರ್‌ಗೂ ಹೋಗುತ್ತದೆ. ಗ್ರಿಲ್ ಮುಂದೆ ಚೆಂದಕ್ಕೆ ಅಂತ ಹಾಕಿದ್ದ ಎರಡು ಫಾಗ್ ಲೈಟ್ ತೆಗೆದೆ. ಗಾಳಿ ಬರುವ ದಾರಿಯಲ್ಲಿ ಅವಕ್ಕೆ ಕೆಲಸವಿಲ್ಲ. ಕೊನೆಗೆ ಅರ್ಧ ಡಿಸ್ಟಿಲ್ಡ್ ನೀರು, ಅರ್ಧ ಕೂಲೆಂಟ್. ನಮ್ಮ ಕಡೆ ಹಿಮ ಬೀಳಲ್ಲ ನಿಜ, ಆದರೆ ತುಕ್ಕು ತಡೆಯುವುದಕ್ಕೆ ಕೂಲೆಂಟ್ ಬೇಕೇ ಬೇಕು.

ಮೊದಲ ದಿನ: ಬೆಂಗಳೂರು – ಸಕಲೇಶಪುರ

ಬೆಳಗ್ಗೆ ಐದಕ್ಕೆ ಬಿಟ್ಟೆವು. ನೆಲಮಂಗಲ ದಾಟುವ ತನಕ ಲಾರಿಗಳು, ಆಮೇಲೆ ಖಾಲಿ ರಸ್ತೆ. ಕುಣಿಗಲ್ ಬರುವಷ್ಟರಲ್ಲಿ ಬೆಳಕಾಯಿತು. 65–70ರ ವೇಗದಲ್ಲಿ ಮುಳ್ಳು 82ರಲ್ಲಿ ನಿಂತದ್ದು ಅಲ್ಲಾಡಲೇ ಇಲ್ಲ. ಭಾವ ಮೂರು ಸಲ 82 ಅಂತ ಬರೆದು, "ಇದು ಕೆಟ್ಟಿಲ್ಲ ತಾನೇ?" ಅಂತ ಮೀಟರಿನ ಗಾಜಿಗೆ ಬೆರಳಲ್ಲಿ ತಟ್ಟಿದರು.

"ಇಲ್ಲ ಭಾವ, ಥರ್ಮೋಸ್ಟಾಟ್ ಕೆಲಸ ಮಾಡ್ತಿದೆ ಅಂತ ಅರ್ಥ" ಅಂದೆ.

ಬೆಳ್ಳೂರು ಕ್ರಾಸ್ ಹತ್ತಿರ ಪೆಟ್ರೋಲ್ ಹಾಕಿಸುವಾಗ ವಯಸ್ಸಾದ ಲಾರಿ ಡ್ರೈವರ್ ಒಬ್ಬರು ಬಂದು ಪ್ರೀತಿಯಿಂದ ಕಾರು ಸವರಿದರು. ಘಾಟಿಗೆ ಹೋಗ್ತೀರಾದ್ರೆ ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಅಂದರು. ಈ ಸಲಹೆ ನಮ್ಮ ದೇಶದಲ್ಲಿ ಎಲ್ಲಿ ಹೋದರೂ ಸಿಗುತ್ತದೆ. ಅದರ ಹಿಂದೆ ಒಂದು ಕಾರಣವೂ ಇದೆ. ಹಳೇ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಸಿಕ್ಕಿಹಾಕಿಕೊಂಡರೆ ನೀರು ರೇಡಿಯೇಟರ್‌ಗೆ ಹೋಗುವುದೇ ಇಲ್ಲ, ಎಂಜಿನ್ ಹಾಳಾಗುತ್ತದೆ. ರಸ್ತೆ ಮಧ್ಯೆ ಹಾಗಾದರೆ ಕಿತ್ತು ಹಾಕಿ ಮನೆ ಸೇರುವುದೇ ಸರಿ. ಆದರೆ ಮನೆ ಸೇರಿದ ಮೇಲೆ ಹೊಸದು ಹಾಕಬೇಕು. ಅದಿಲ್ಲದಿದ್ದರೆ ಎಂಜಿನ್ ಬೆಳಗಿನ ಹೊತ್ತು ಬಿಸಿಯೇ ಆಗುವುದಿಲ್ಲ, ಪೆಟ್ರೋಲ್ ಪೂರ್ತಿ ಉರಿಯದೆ ಆಯಿಲ್‌ಗೆ ಸೇರುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಇನ್ನು ರೇಡಿಯೇಟರ್ ಕಟ್ಟಿಕೊಂಡಿದ್ದರೆ ಥರ್ಮೋಸ್ಟಾಟ್ ತೆಗೆದರೂ ಘಾಟಿಯಲ್ಲಿ ಕುದಿಯುವುದು ತಪ್ಪುವುದಿಲ್ಲ. ಹಿರಿಯರ ಹತ್ತಿರ ವಾದ ಮಾಡಲಿಲ್ಲ, ಟೀ ಕುಡಿದು ಹೊರಟೆವು.

ಹಾಸನ ದಾಟಿದ ಮೇಲೆ ರಸ್ತೆ ಪಕ್ಕ ಕಾಫಿ ತೋಟ ಶುರು. ಮಧ್ಯಾಹ್ನದ ಬಿಸಿಲಿದ್ದರೂ 84 ದಾಟಲಿಲ್ಲ. ಸಕಲೇಶಪುರದಲ್ಲಿ ಉಳಿದೆವು.

ಎರಡನೇ ದಿನ: ಶಿರಾಡಿ ಇಳಿದು ಉಡುಪಿಗೆ

ಘಾಟಿ ಇಳಿಯುವಾಗ ಎಂಜಿನ್‌ಗೆ ಬಿಸಿಯ ಭಯವಿಲ್ಲ, ಬ್ರೇಕ್‌ಗೆ ಇದೆ. ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಒಂದೇ ಸಮ ಒತ್ತಿಕೊಂಡು ಇಳಿದರೆ ಕಾದು ಹಿಡಿತ ಬಿಡುತ್ತದೆ. ದೋಣಿಗಲ್ ದಾಟಿದ ಮೇಲೆ ಸ್ಟೀರಿಂಗ್ ಪಕ್ಕದ ಗೇರ್ ಲಿವರನ್ನು ಸೆಕೆಂಡಿಗೆ ಹಾಕಿ ಎಂಜಿನ್ ಹಿಡಿತದಲ್ಲೇ ಇಳಿದೆವು. ಪಕ್ಕದಲ್ಲಿ ಕೆಂಪುಹೊಳೆ, ಬೇಸಿಗೆಯಲ್ಲಿ ಬಂಡೆಗಳೇ ಜಾಸ್ತಿ. ಮುಳ್ಳು 78ಕ್ಕೆ ಇಳಿಯಿತು. ಗುಂಡ್ಯದಲ್ಲಿ ನಿಲ್ಲಿಸಿ ನಾಲ್ಕೂ ಚಕ್ರದ ಹತ್ತಿರ ಕೈ ಒಡ್ಡಿ ನೋಡಿದೆ. ಯಾವುದಾದರೂ ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ ಅಂತ. ಹಿಡಿದುಕೊಂಡ ಬ್ರೇಕನ್ನು ದಿನವಿಡೀ ಎಳೆಯುವ ಎಂಜಿನ್ ಬಿಸಿಯಾಗದೆ ಇನ್ನೇನಾಗುತ್ತದೆ? ಎಲ್ಲ ಒಂದೇ ಸಮ ಇದ್ದವು.

ಬಿ.ಸಿ.ರೋಡ್ ಬರುವಷ್ಟರಲ್ಲಿ ಕರಾವಳಿಯ ಸೆಕೆ ಹಿಡಿಯಿತು. ನಿಜ ಹೇಳಬೇಕೆಂದರೆ ಹಳೇ ಕಾರಿಗೆ ಘಾಟಿಗಿಂತ ಊರೊಳಗಿನ ಟ್ರಾಫಿಕ್ಕೇ ಕಷ್ಟ. ಓಡುವಾಗ ಗಾಳಿ ತಾನಾಗಿ ನುಗ್ಗುತ್ತದೆ. ನಿಂತಾಗ ಇರುವುದು ಬೆಲ್ಟಿನಿಂದ ತಿರುಗುವ ಆ ಒಂದು ಫ್ಯಾನ್, ಅದೂ ಎಂಜಿನ್ ನಿಧಾನವಾದರೆ ತಾನೂ ನಿಧಾನ. ಪಂಪ್‌ವೆಲ್ ಹತ್ತಿರ ಸಾಲು ನಿಂತೇ ಬಿಟ್ಟಿತು. 86, 88, 90. ಎದುರಿಗೆ ಬಸ್ಸು. ಅದರ ಬಾಲಕ್ಕೆ ಅಂಟಿಕೊಂಡು ನಿಂತರೆ ಅದರ ಹೊಗೆಯ ಬಿಸಿಗಾಳಿಯೇ ನಮ್ಮ ರೇಡಿಯೇಟರ್‌ಗೆ. ಅದಕ್ಕೆ ಒಂದು ಕಾರಿನಷ್ಟು ಜಾಗ ಬಿಟ್ಟೆ. ಹಿಂದಿನವರು ಹಾರ್ನ್ ಹೊಡೆದರು, ಹೊಡೆಯಲಿ. ನ್ಯೂಟ್ರಲ್‌ಗೆ ಹಾಕಿ ಆಕ್ಸಿಲರೇಟರ್ ಮೇಲೆ ಕಾಲು ಮೃದುವಾಗಿ ಇಟ್ಟು ಎಂಜಿನನ್ನು ಸ್ವಲ್ಪ ಜಾಸ್ತಿ ತಿರುಗಿಸಿದೆ. ಫ್ಯಾನು, ನೀರಿನ ಪಂಪು ಎರಡೂ ಚುರುಕಾದವು. 92ಕ್ಕೆ ಹೋಗಿ ನಿಂತು ವಾಪಸ್ ಇಳಿಯಿತು.

ತೊಂದರೆ ಬಂದದ್ದು ಊಟ ಮುಗಿಸಿ ಹೊರಟಾಗ, ಅದೂ ಬೇರೆಯೇ ಕಾರಣಕ್ಕೆ. ಬಿಸಿಲಲ್ಲಿ ನಿಲ್ಲಿಸಿದ್ದ ಕಾರು ಸ್ಟಾರ್ಟ್ ಆಗಿ ನೂರು ಮೀಟರ್ ಹೋಗಿ ಕೆಮ್ಮಿ ನಿಂತಿತು. ಸುತ್ತ ನಾಲ್ಕು ಜನ ಸೇರಿದರು. "ಹೀಟ್ ಆಗಿದೆ, ನೀರು ಹಾಕಿ" ಅಂದರು. ಮೀಟರ್ 88 ತೋರಿಸುತ್ತಿತ್ತು, ನೀರು ಕುದಿದಿರಲಿಲ್ಲ. ಕುದಿದದ್ದು ಪೆಟ್ರೋಲು. ಎಂಜಿನ್ ಆರಿಸಿದಾಗ ಫ್ಯಾನೂ ನೀರಿನ ಪಂಪೂ ನಿಲ್ಲುತ್ತವೆ, ಆದರೆ ಕಾದ ಕಬ್ಬಿಣ ಹಾಗೇ ಇರುತ್ತದೆ, ಆ ಶಾಖ ಬಾನೆಟ್ ಕೆಳಗೆ ತುಂಬಿಕೊಂಡು ಪೆಟ್ರೋಲ್ ಪಂಪಿಗೂ, ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರ್‌ಗೂ ಏರುತ್ತದೆ. ಪಂಪಿನೊಳಗೆ ಪೆಟ್ರೋಲ್ ಆವಿಯಾದರೆ ಪಂಪ್ ಬಡಿದುಕೊಂಡರೂ ಮುಂದಕ್ಕೆ ಏನೂ ಹೋಗುವುದಿಲ್ಲ. ಬಾನೆಟ್ ಎತ್ತಿ, ಹತ್ತಿ ಬಟ್ಟೆ ಒದ್ದೆ ಮಾಡಿ ಪೆಟ್ರೋಲ್ ಪಂಪಿಗೆ ಸುತ್ತಿದೆ. ಮೇಲೆ ಆಗಾಗ ನೀರು ಚಿಮುಕಿಸಿದೆ. ಕಾಲು ಗಂಟೆಯಲ್ಲಿ ಸ್ಟಾರ್ಟ್ ಆಯಿತು.

ಈಗಿನ ಪೆಟ್ರೋಲಿನಲ್ಲಿ ಶೇಕಡ 20ರ ತನಕ ಎಥೆನಾಲ್ ಇರುವುದರಿಂದ ಹಳೇ ಕಾರಿನವರು ಇದನ್ನು ಗಮನಿಸಲೇಬೇಕು. ಹಳೇ ರಬ್ಬರ್ ಪೈಪುಗಳು ಅದಕ್ಕೆ ತಾಳುವುದಿಲ್ಲ, ಮೆತ್ತಗಾಗಿ ಬಿರುಕು ಬಿಡುತ್ತವೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಜಿನುಗಿದರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಿಲ್ಲ. ಪೈಪುಗಳನ್ನೆಲ್ಲ ಎಥೆನಾಲ್ ತಡೆಯುವಂಥವಕ್ಕೆ ಬದಲಾಯಿಸಿ. ಎಂಜಿನ್ ಹತ್ತಿರದಲ್ಲೇ ಹಾದುಹೋಗುವ ಪೈಪನ್ನು ಆದಷ್ಟು ದೂರ ಸರಿಸಿ ಕಟ್ಟಿ. ಎಥೆನಾಲ್ ಸೇರಿದ ಪೆಟ್ರೋಲ್‌ಗೆ ಹಳೇ ಜೆಟ್ (ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತು) ಸಾಲುವುದಿಲ್ಲ, ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಆಗಿ ಮಿಶ್ರಣ ತೆಳುವಾಗುತ್ತದೆ, ತೆಳು ಮಿಶ್ರಣದ ಎಂಜಿನ್ ಬಿಸಿಯಾಗಿ ಓಡುತ್ತದೆ. ನಾನು ಕಾರ್ಬ್ಯುರೇಟರ್ ಜೆಟ್ಟನ್ನು ಒಂದು ಸೈಜ್ ದೊಡ್ಡದು ಮಾಡಿಸಿದ್ದೇನೆ.

ಸುರತ್ಕಲ್, ಪಡುಬಿದ್ರಿ, ಕಾಪು. ಸಂಜೆ ಸಮುದ್ರದ ಗಾಳಿ ಬರುತ್ತಿತ್ತು. ಉಡುಪಿಯಲ್ಲಿ ನಿಲ್ಲಿಸುವ ಮುಂಚೆ ಒಂದೆರಡು ನಿಮಿಷ ಎಂಜಿನ್ ಹಾಗೇ ಓಡಲು ಬಿಟ್ಟು ಆಮೇಲೆ ಆರಿಸಿದೆ. ಭಾವ ಇಳಿದು ಬಾನೆಟ್ ಎತ್ತಿಟ್ಟರು. ಅಂದಿನಿಂದ ನಿಂತಲ್ಲೆಲ್ಲ ಅದೇ ರೂಢಿಯಾಯಿತು.

ಮೂರನೇ ದಿನ: ಆಗುಂಬೆ

ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದು ನೀರು ನೋಡಿದೆ. ಇದನ್ನು ಮೀಟರ್ ಇದೆ ಅಂತ ಬಿಡಬಾರದು. ಮೀಟರಿನ ಬಲ್ಬ್ (ಎಂಜಿನ್ ಒಳಗೆ ಬಿಸಿ ಅಳೆಯುವ ತುದಿ) ನೀರಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ನೀರು ಅದಕ್ಕಿಂತ ಕೆಳಗೆ ಹೋದರೆ ಬರೀ ಆವಿಯಲ್ಲಿ ನಿಂತು ಕಡಿಮೆ ತೋರಿಸುತ್ತದೆ. ಎಂಜಿನ್ ಬೇಯುತ್ತಿರುವಾಗ ಮುಳ್ಳು ಕೆಳಗಿಳಿಯುವುದಕ್ಕಿಂತ ಅಪಾಯ ಬೇರೆ ಇಲ್ಲ. ದಾರಿಯಲ್ಲಿ ಮುಳ್ಳು ಇದ್ದಕ್ಕಿದ್ದ ಹಾಗೆ ಬಿದ್ದರೆ ತಕ್ಷಣ ನಿಲ್ಲಿಸಿ.

ಮಣಿಪಾಲ, ಹಿರಿಯಡ್ಕ, ಪೆರ್ಡೂರು, ಹೆಬ್ರಿ. ದಾರಿ ಪೂರ್ತಿ ಹಸಿರು, ಅಲ್ಲಲ್ಲಿ ಗೇರುಹಣ್ಣಿನ ವಾಸನೆ. ಸೋಮೇಶ್ವರದಲ್ಲಿ ಇಡ್ಲಿ ತಿಂದು, ಫ್ಯಾನ್ ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದೆ. ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಬಗ್ಗಬೇಕು, ಅಷ್ಟೇ. ಎಂಟಕ್ಕೆ ಹತ್ತಲು ಶುರು.

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ದೊಡ್ಡ ಲಾರಿಗಳನ್ನು ಬಿಡುವುದಿಲ್ಲ, ಅದೊಂದು ಪುಣ್ಯ. ಇಲ್ಲಿ ತುಂಬ ಜನ ಮಾಡುವುದು ಏನು ಅಂದರೆ, ಎಂಜಿನ್‌ಗೆ ಕಷ್ಟ ಕೊಡಬಾರದು ಅಂತ ದೊಡ್ಡ ಗೇರಿನಲ್ಲೇ ಹತ್ತಿಸುವುದು. ಎಂಜಿನ್ ಸದ್ದು ಕಮ್ಮಿ ಇದ್ದರೆ ಆರಾಮಾಗಿದೆ ಅಂತ ಅನ್ನಿಸುತ್ತದೆ. ಇರುವುದು ಉಲ್ಟಾ. ಥರ್ಡ್ ಗೇರಿನಲ್ಲಿ ಮುಕ್ಕರಿಯುತ್ತಾ ಹತ್ತುವ ಎಂಜಿನ್ ಪೂರ್ತಿ ಪೆಟ್ರೋಲ್ ಕುಡಿದು ಪೂರ್ತಿ ಬಿಸಿ ಹುಟ್ಟಿಸುತ್ತದೆ, ಆದರೆ ನಿಧಾನ ತಿರುಗುವುದರಿಂದ ನೀರೂ ಗಾಳಿಯೂ ಅರ್ಧ ಮಾತ್ರ. ಸೆಕೆಂಡಿನಲ್ಲಿ ಸ್ವಲ್ಪ ಸದ್ದು ಮಾಡಿಕೊಂಡೇ ಹತ್ತಲಿ. ತಿರುವಿನಲ್ಲಿ ಫಸ್ಟ್. ಅವಸರ ಬೇಡ.

ಭಾವ ಓದುತ್ತಾ ಹೋದರು. "ಎಂಬತ್ತಾರು. ಎಂಬತ್ತೆಂಟು. ತೊಂಬತ್ತೊಂದು ಕಣೋ. ನಿಲ್ಲಿಸ್ತೀಯಾ?"

"ಬೇಡ ಭಾವ, ನಿಧಾನಕ್ಕೆ ಏರ್ತಿದೆ. ನಿಂತ್ರೆ ಗಾಳಿನೂ ಇರಲ್ಲ."

94ರಲ್ಲಿ ನಿಂತಿತು. ಅರ್ಧ ದಾರಿ ದಾಟಿದ ಮೇಲೆ ತಿರುವಿನ ಪಕ್ಕ ಹಳೇ ಜೀಪೊಂದು ಬಾನೆಟ್ ಎತ್ತಿ ನಿಂತಿತ್ತು, ಆವಿ ಬುಸುಗುಡುತ್ತಿತ್ತು. ಹುಡುಗನೊಬ್ಬ ಟವೆಲ್ ಸುತ್ತಿಕೊಂಡು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕುತ್ತಿದ್ದ. ಭಾವ ಕಿಟಕಿಯಿಂದಲೇ "ಏಯ್ ಬೇಡಪ್ಪಾ, ಕೈ ತೆಗಿ, ಕೈ ತೆಗಿ!" ಅಂತ ಕೂಗಿದರು. ಸ್ವಲ್ಪ ಮುಂದೆ ಜಾಗ ನೋಡಿ ನಿಲ್ಲಿಸಿ, ಎಂಜಿನ್ ಓಡಲು ಬಿಟ್ಟು ಇಳಿದು ಹೋದೆವು.

ಒತ್ತಡದಲ್ಲಿ 100 ಡಿಗ್ರಿ ದಾಟಿದ ನೀರು ಮುಚ್ಚಳ ಸಡಿಲವಾದ ಕ್ಷಣವೇ ಆವಿಯಾಗಿ ಮುಖಕ್ಕೆ ಹಾರುತ್ತದೆ. ಮುಖ, ಕಣ್ಣು ಸುಟ್ಟುಕೊಂಡವರು ಎಷ್ಟೋ ಜನ ಇದ್ದಾರೆ. ಅವನನ್ನು ಕೂರಿಸಿ ಮುಕ್ಕಾಲು ಗಂಟೆ ಕಾಯಿಸಿದೆವು. ಅವನ ಕೈಯಲ್ಲಿ ತಣ್ಣನೆ ನೀರಿನ ಕ್ಯಾನು ಸಿದ್ಧವಾಗಿತ್ತು. ಅದನ್ನೂ ತಡೆದೆ. ಕಾದ ಎಂಜಿನ್‌ಗೆ ಒಮ್ಮೆಲೇ ತಣ್ಣೀರು ಸುರಿದರೆ ಹೆಡ್ (ಎಂಜಿನ್ನಿನ ಮೇಲ್ಭಾಗ) ಬಿರುಕು ಬಿಡಬಹುದು, ಬಾಗಿದರೆ ಅದರ ಕೆಳಗಿನ ಗ್ಯಾಸ್ಕೆಟ್ (ಸೋರದಂತೆ ತಡೆಯುವ ಹಾಳೆ) ಹೋಗುತ್ತದೆ. ಮೇಲಿನ ಹೋಸ್ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾದ ಮೇಲೆ ಮುಚ್ಚಳ ಮೊದಲ ಹಂತಕ್ಕೆ ತಿರುಗಿಸಿ, ಉಳಿದ ಆವಿ ಹೋಗಲು ಬಿಟ್ಟು ತೆಗೆದೆವು. ಎಂಜಿನ್ ಸ್ಟಾರ್ಟ್ ಮಾಡಿಸಿ, ಓಡುತ್ತಿರುವಾಗ ಸ್ವಲ್ಪ ಸ್ವಲ್ಪವೇ ನೀರು ಹಾಕಿದೆವು.

ಕಾರಣ ಹುಡುಕಲು ಕಷ್ಟವಾಗಲಿಲ್ಲ. ಫ್ಯಾನ್ ಬೆಲ್ಟ್ ಎರಡು ಬೆರಳು ಬಗ್ಗುತ್ತಿತ್ತು, ಒಳಬದಿ ಗಾಜಿನಂತೆ ಹೊಳೆಯುತ್ತಿತ್ತು, ಅಂದರೆ ಜಾರಿ ಜಾರಿ ಸವೆದಿದೆ. ಎಂಜಿನ್ ಆರಿಸಿ, ಅದೇ ಬೆಲ್ಟಿನಿಂದ ತಿರುಗುವ ಡೈನಮೋದ ಬೋಲ್ಟ್ ಸಡಿಲಿಸಿ, ಸ್ಪ್ಯಾನರ್ ಹಿಡಿಯಿಂದ ಡೈನಮೋವನ್ನು ಆಚೆ ಮೀಟಿ ಬೆಲ್ಟ್ ಬಿಗಿ ಮಾಡಿ ಬೋಲ್ಟ್ ತಿರುಗಿಸಿದೆ. ಹತ್ತು ನಿಮಿಷದ ಕೆಲಸ. ಜೀಪು ನಮ್ಮ ಹಿಂದೆಯೇ ಆಗುಂಬೆ ತನಕ ಬಂತು. ಮೇಲೆ ಹೋದ ಮೇಲೆ ಹುಡುಗ ಟೀ ಕುಡಿಸದೆ ಬಿಡಲಿಲ್ಲ.

ಎತ್ತರಕ್ಕೆ ಹೋದ ಹಾಗೆ ನೀರು ಬೇಗ ಕುದಿಯುತ್ತದೆ ಅನ್ನುವುದೂ ನಿಜವೇ. ಸುಮಾರು 300 ಮೀಟರಿಗೆ ಒಂದು ಡಿಗ್ರಿ ಲೆಕ್ಕ. ಆಗುಂಬೆಯಲ್ಲಿ ತೆರೆದ ಪಾತ್ರೆಯ ನೀರು 98ರ ಆಸುಪಾಸಿಗೆ ಕುದಿಯುತ್ತದೆ. ಊಟಿಯಲ್ಲಿ 93ರ ಹತ್ತಿರ. ಅದಕ್ಕೇ ಮುಚ್ಚಳದ ರಬ್ಬರ್ ಬಗ್ಗೆ ಅಷ್ಟು ಒತ್ತಿ ಹೇಳಿದ್ದು.

ತೀರ್ಥಹಳ್ಳಿ, ಮಂಡಗದ್ದೆ, ತುಂಗೆಯ ಪಕ್ಕದ ನೆರಳಿನ ರಸ್ತೆ. 82. ಶಿವಮೊಗ್ಗದಲ್ಲಿ ರಾತ್ರಿ.

ಕೊನೆಯ ದಿನ: ಶಿವಮೊಗ್ಗ – ಬೆಂಗಳೂರು

ಭದ್ರಾವತಿ, ತರೀಕೆರೆ ತನಕ ಹೇಳುವಂಥದ್ದು ಏನೂ ಇಲ್ಲ. ಕಡೂರು ದಾಟಿದ ಮೇಲೆ ಬಯಲು, ನೆರಳೇ ಇಲ್ಲ. ಅರಸೀಕೆರೆ ಹತ್ತಿರ ಸಮತಟ್ಟು ರಸ್ತೆಯಲ್ಲಿ ಭಾವ "ಎಂಬತ್ತೊಂಬತ್ತು" ಅಂದರು. ಆಗುಂಬೆಯಲ್ಲಿ 94 ಸರಿ, ಇಲ್ಲಿ 89 ಸರಿಯಲ್ಲ. ಬರೀ ಎಷ್ಟಿದೆ ಅಂತ ನೋಡಿದರೆ ಸಾಲದು, ಎಲ್ಲಿ ಎಷ್ಟಿರಬೇಕು ಅಂತ ಗೊತ್ತಿರಬೇಕು. ಆ ನೋಟ್‌ಬುಕ್ಕಿನ ಉಪಯೋಗವೇ ಇದು. ತಕ್ಷಣ ಪಕ್ಕಕ್ಕೆ ನಿಲ್ಲಿಸಿದೆ.

ನೀರು ಎಲ್ಲೂ ಸೋರಿರಲಿಲ್ಲ, ಬೆಲ್ಟ್ ಸರಿ ಇತ್ತು. ಗ್ರಿಲ್ ಒಳಗೆ ಬಗ್ಗಿ ನೋಡಿದರೆ ತೆಳ್ಳನೆ ಪ್ಲಾಸ್ಟಿಕ್ ಕವರೊಂದು ರೇಡಿಯೇಟರಿನ ಮೂರನೇ ಒಂದು ಭಾಗಕ್ಕೆ ಅಂಟಿ ಕೂತಿದೆ. ಅದರ ಸುತ್ತ ಸತ್ತ ಚಿಟ್ಟೆ, ಹುಳ, ಹತ್ತಿಯಂಥ ಧೂಳು. ಕವರ್ ಕಿತ್ತೆ. ಎಂಜಿನ್ ತಣಿದ ಮೇಲೆ ಫ್ಯಾನ್ ಕಡೆಯಿಂದ ಬಾಟಲಿಯಲ್ಲಿ ನೀರು ಹಾಯಿಸಿ, ಮೆತ್ತನೆ ಬ್ರಶ್ಶಿನಲ್ಲಿ ಮೇಲಿಂದ ಕೆಳಕ್ಕೆ ಉಜ್ಜಿದೆ. ಮುಂದಿನಿಂದ ನೀರು ಹೊಡೆದರೆ ಕಸ ಇನ್ನೂ ಒಳಗೆ ಹೋಗುತ್ತದೆ, ಅಡ್ಡ ಉಜ್ಜಿದರೆ ರೇಡಿಯೇಟರಿನ ತೆಳು ತಗಡಿನ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಹೊರಟ ಹತ್ತು ನಿಮಿಷಕ್ಕೆ 83.

ತಿಪಟೂರಿನಲ್ಲಿ ಎಳನೀರು, ತುಮಕೂರಿನಲ್ಲಿ ಕಾಫಿ. ಪೀಣ್ಯದ ಟ್ರಾಫಿಕ್ಕಿನಲ್ಲಿ ಮತ್ತೆ 91, ಮತ್ತೆ ನ್ಯೂಟ್ರಲ್, ಮತ್ತೆ ಮೆಲ್ಲನೆ ಆಕ್ಸಿಲರೇಟರ್. ಕತ್ತಲಾಗುವ ಮುಂಚೆ ಮನೆ.

ಮಾರನೇ ದಿನ ತಣ್ಣಗಿದ್ದಾಗ ಮುಚ್ಚಳ ತೆಗೆದರೆ ಒಂದು ಲೋಟದಷ್ಟು ಕಡಿಮೆಯಾಗಿತ್ತು. ಟಾರ್ಚ್ ಹಿಡಿದು ಹುಡುಕಿದಾಗ ನೀರಿನ ಪಂಪಿನ ಹೊಟ್ಟೆಯ ಕೆಳಗಿರುವ ಸಣ್ಣ ತೂತಿನಿಂದ ಹಸಿರು ಕಲೆಯೊಂದು ಇಳಿದಿರುವುದು ಕಂಡಿತು. ಒಳಗಿನ ಸೀಲ್ ಸವೆದರೆ ನೀರು ಬೇರಿಂಗ್‌ಗೆ ಹೋಗದೆ ಹೊರಗೆ ಬರಲಿ, ನಮಗೆ ಮುಂಚೆಯೇ ಗೊತ್ತಾಗಲಿ ಅಂತಲೇ ಆ ತೂತು ಇಟ್ಟಿರುತ್ತಾರೆ. ಕೆಲವರು ಅದಕ್ಕೆ ಎಂ-ಸೀಲ್ ಬಳಿದು ಮುಚ್ಚುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ಫ್ಯಾನ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದೆ, ಬೇರಿಂಗ್ ಇನ್ನೂ ಗಟ್ಟಿ ಇದೆ. ಸೀಲ್ ಕಿಟ್‌ಗೆ ಜೆ.ಸಿ.ರೋಡಿನ ಬಿಡಿಭಾಗದ ಅಂಗಡಿಯಲ್ಲಿ ಹೇಳಿಟ್ಟು ಬಂದಿದ್ದೇನೆ. ಅದು ಬಂದ ವಾರ ಪಂಪ್ ಬಿಚ್ಚುವುದು, ಬೆಲ್ಟೂ ಹೊಸದು ಹಾಕುವುದು. ಭಾವ ಆಗಲೇ ಚಾರ್ಮಾಡಿ ಯಾವಾಗ ಅಂತ ಕೇಳುತ್ತಿದ್ದಾರೆ.